ಒಳಕ್ಕೆ ವಾಲಿದ ಗೋಡೆ

ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನಿಗೆ ಬಾಯಿ ಮುಚ್ಚಿಕೊಂಡು ಗೋಡೆ ನೋಡುವುದು ಬರುವುದಿಲ್ಲ. ಮಗಳು ಬಲವಂತ ಮಾಡಿ ನನ್ನನ್ನೂ ಹೆಂಡತಿಯನ್ನೂ ಹಳೇ ಪೇಟೆ ಸುತ್ತಿಸುವ ನಡಿಗೆಗೆ ಕಳಿಸಿದ್ದಳು. ಗೈಡ್ ಹುಡುಗಿ ಕಮಾನು ತೋರಿಸಿದರೆ ನಾನು ಅದರ ಬಿರುಕು ತೋರಿಸಿದೆ. ಮೆಟ್ಟಿಲು ತೋರಿಸಿದರೆ ಅಳತೆ ತಪ್ಪಿದೆ ಎಂದೆ. ಜೊತೆಗಿದ್ದ ಹತ್ತು ಜನ ಅವಳನ್ನು ಬಿಟ್ಟು ನನ್ನ ಮುಖ ನೋಡತೊಡಗಿದಾಗ ನಾನು ನೆಲದಿಂದ ಗೇಣು ಮೇಲೆ ನಡೆಯುತ್ತಿದ್ದೆ.

ಕೋಟೆಯ ಹಿಂಬಾಗಿಲ ಬಳಿ ಅವಳು ನಿಂತಳು. "ಈ ಗೋಡೆ ಒಳಕ್ಕೆ ವಾಲಿದೆ ನೋಡಿ. ಫಿರಂಗಿ ಗುಂಡು ಜಾರಿ ಹೋಗ್ಲಿ ಅಂತ ಹಿಂದಿನವರು ಬೇಕಂತಲೇ ಹೀಗೆ ಕಟ್ಟಿದ್ರು."

ಇಪ್ಪತ್ತು ವರ್ಷದ ಹಿಂದೆ ಆ ಗೋಡೆ ಕುಸಿದಾಗ ಮತ್ತೆ ಕಟ್ಟಿದವನು ನಾನೇ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡನ್ನು ಮನೆಯಲ್ಲೇ ಮರೆತು, ನನ್ನ ಕಣ್ಣೇ ಸಾಕು ಎಂದು ಜಂಬ ಕೊಚ್ಚಿದ್ದೆ.

"ಮೇಸ್ತ್ರಿಗಳೇ, ಇದರಲ್ಲೇನು ತಪ್ಪಿದೆ?" ಎಂದು ಗುಂಪಿನಲ್ಲೊಬ್ಬರು ಕೇಳಿದರು.

"ಏನೂ ಇಲ್ಲ. ಅಪ್ಪಟ ಕೆಲಸ," ಎಂದೆ.

"ಇಂಥ ಕೈಗಳು ಈಗೆಲ್ಲಿ ಸಿಗ್ತವೆ?" ಎಂದು ಗೈಡ್ ನಿಟ್ಟುಸಿರಿಟ್ಟಳು. ನಾನು ಎರಡೂ ಕೈ ಜೇಬಿಗಿಳಿಸಿದೆ.

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹೆಂಡತಿ ಅವಳ ಕಡೆ ತಿರುಗಿದಳು. "ಒಂದ್ಸಲ ನಮ್ಮನೆಗೂ ಬಾಮ್ಮಾ. ಬಚ್ಚಲುಮನೆ ಗೋಡೆನೂ ಇವ್ರೇ ಕಟ್ಟಿದ್ದು. ಅದಕ್ಕೂ ಫಿರಂಗಿ ಗುಂಡು ತಾಗಲ್ಲ."