ಭಂಡಾರ ಮುಟ್ಟಿದರೆ ಬ್ಯಾಂಕು ನಂಬುವುದಿಲ್ಲ

ಒಂದು ಮಳೆಗಾಲದಲ್ಲಿ ಹಂಸಭಾವಿಯ ಗುತ್ತೆವ್ವನ ಮನೆಯ ಹಿಂದಿನ ಗೋಡೆ ಕುಸಿದು ಅವಳ ಅತ್ತೆ ತೀರಿಕೊಂಡರು. ಶಿವ ಆ ಮುದುಕಿಯನ್ನು ತನ್ನ ಹತ್ತಿರ ಕರೆದುಕೊಂಡ. ಉಳಿದ ಮೂರು ಗೋಡೆಗಳ ನಡುವೆ ತಾಡಪತ್ರಿ ಕಟ್ಟಿಕೊಂಡು ಎರಡು ಹೆಣ್ಣುಮಕ್ಕಳೊಡನೆ ಗಂಡಹೆಂಡತಿ ದಿನ ನೂಕುತ್ತಿದ್ದರು. ಒಂದು ಗಟ್ಟಿ ಮನೆ ಆಗಲೇಬೇಕಿತ್ತು.

ಆದರೆ ಬ್ಯಾಂಕಿನವರು ಮನೆಸಾಲದ ಅರ್ಜಿ ತಿರುಗಿಸಿ ಕಳಿಸಿದರು.

ಗುತ್ತೆವ್ವನಿಗೆ ಎಲ್ಲರ ಮೇಲೂ ಅನುಮಾನ ಬಂತು. ಸಾಹೇಬರು ಕೈ ಬೆಚ್ಚಗೆ ಮಾಡಲೆಂದು ಕಾಯುತ್ತಿದ್ದಾರೋ? ಬ್ಯಾಂಕಿಗೆ ಹೋದ ದಿನವೇ ಪಕ್ಕದ ಮನೆಯ ಶಿವಬಸವ್ವ "ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದ್ದೇಕೆ?

ಮಹಿಳಾ ಸಂಘದ ಬ್ಯಾಂಕ್ ಕೆಲಸ ನೋಡಿಕೊಳ್ಳುವ ರಾಜಶ್ರೀ ಬಂದು ಕೇಳಿದಳು: "ಅಕ್ಕಾ, ಆಟೋದ ಸಾಲ ಹೆಂಗ ಮುಗಿಸಿದ್ರಿ?"

ಗುತ್ತೆವ್ವನ ಗಂಡ ಮೈಲಾರಿ ಸರಕು ಸಾಗಿಸುವ ಆಟೋ ಓಡಿಸುತ್ತಾನೆ. ಕೊರೋನಾ ಕಾಲದಲ್ಲಿ ಕಂತು ಕಟ್ಟಲಾಗಲಿಲ್ಲ. ಕಡೆಗೆ ಫೈನಾನ್ಸ್ ಕಂಪನಿ ಇಪ್ಪತ್ತೆರಡು ಸಾವಿರ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡಿತು.

"ವಸೂಲಿಗೆ ಬಂದಾಂವ ದೇವರ ಜಗಲಿ ಮ್ಯಾಲಿನ ಅರಿಷಿಣದ ಭಂಡಾರ ಮುಟ್ಟಿ, ಮೈಲಾರಲಿಂಗನ ಆಣಿ, ಇಲ್ಲಿಗೆ ಮುಗೀತು ಅಂದಾನ," ಎಂದ ಮೈಲಾರಿ. "ಅದರ ಮ್ಯಾಲೆ ಕಾಗದ ಕೇಳಿದ್ರ ದೇವರಿಗೆ ಅಪಮಾನ ಅಲ್ಲೇನು?"

"ಅಣ್ಣಾ, ಅಂವ ಸುಳ್ಳು ಹೇಳಿಲ್ಲ. ಸಾಲ ಮುಗದೈತಿ. ಆದ್ರ ಪೂರಾ ಕೊಟ್ಟು ಮುಗಿಸಿಲ್ಲ ಅಂತ, ನಮ್ಮ ಸಾಲದ ಲೆಕ್ಕಾ ಇಡೂ ಸಿಬಿಲ್ ವರದಿಯೊಳಗ 'ಸೆಟಲ್ಡ್' ಅಂತ ಬರದಾರ. ಅದನ್ನ ನೋಡಿ ಬ್ಯಾಂಕಿನವರು ಹಿಂಜರೀತಾರ. ಬಿಟ್ಟ ರೊಕ್ಕ ಕಟ್ಟತೇವಿ, 'ಕ್ಲೋಸ್ಡ್', ಪೂರಾ ಮುಗೀತು ಅಂತ ಮಾಡಿಕೊಡ್ರಿ ಅಂತ ಕಂಪನಿಗೆ ಅರ್ಜಿ ಬರೀರಿ. ಅವರು ಒಪ್ಪಿದ ಪತ್ರ ಕೈಗೆ ಬರೂತನಕ ರೊಕ್ಕ ಕಟ್ಟಬ್ಯಾಡ್ರಿ."

"ಇದರಾಗ ನಿನಗ ಎಷ್ಟ ಬರತೈತಿ, ರಾಜಶ್ರೀ?" ಎಂದಳು ಗುತ್ತೆವ್ವ.

"ಒಂದು ಕಪ್ ಚಾ ಬರತೈತಿ ಅನ್ಕೊಂಡಿದ್ದೆ. ಅದೂ ಬರಲಿಲ್ಲ ನೋಡಕ್ಕಾ," ಎಂದು ರಾಜಶ್ರೀ ನಕ್ಕು ಹೋದಳು.

ಮರುವಾರ ಹಿರೇಕೆರೂರಿನ ಕಡೆಯಿಂದ ಒಬ್ಬ ಏಜೆಂಟ ಬಂದ. "ಎಂಟು ಸಾವಿರ ಕೊಡ್ರಿ ಅಣ್ಣಾರ. ಕಂಪ್ಯೂಟರಿನ್ಯಾಗಿಂದ ಹೆಸರ ಅಳಿಸಿಬಿಡತೇನಿ. ಫೋನಿಗೆ ಒಂದು ನಂಬರ್ ಬರತೈತಿ, ಅದನ್ನ ಹೇಳಿದ್ರ ಆತು." ಮೈಲಾರಿ ಭಂಡಾರದ ಬಟ್ಟಲು ತಂದದ್ದೇ ತಡ, ಆಸಾಮಿ ಮಣಿಕಟ್ಟಿನವರೆಗೆ ಕೈ ಅದ್ದಿದ.

ಅಷ್ಟು ಅವಸರ ಕಂಡು ಗುತ್ತೆವ್ವ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಆಣಿ ಇರಲ್ರಿ. ಅಳಿಸದಿದ್ರ ರೊಕ್ಕ ವಾಪಸ್ ಕೊಡತೇನಿ ಅಂತ ಬರದು, ಸಹಿ ಹಾಕ್ರಿ."

"ನಂಬಿಕಿ ಇಲ್ಲೇನ್ರಿ ಅಕ್ಕಾರ?"

"ದೇವರ ಮ್ಯಾಲೆ ಐತ್ರಿ. ನಿಮ್ಮ ಮ್ಯಾಲೆ ಇಲ್ಲ."

ಫೋನು ಬಂತೆಂದು ಹೊರಗೆ ಹೋದವನು ತಿರುಗಿ ಬರಲಿಲ್ಲ. ಅವನ ಬೈಕಿನ ಸದ್ದು ಮಾತ್ರ ಕೇಳಿಸಿತು.

ಗುತ್ತೆವ್ವ ಅಷ್ಟಕ್ಕೇ ಬಿಡಲಿಲ್ಲ. ರಾಜಶ್ರೀಯ ಮನೆಗೆ ಹೋಗಿ, "ನೀನೂ ಬರದು ಕೊಡು," ಎಂದಳು. ರಾಜಶ್ರೀ ಬೇಸರಿಸದೆ ಮಾಡಬೇಕಾದುದನ್ನೆಲ್ಲ ಬರೆದು, ಕೆಳಗೆ ಸೇರಿಸಿದಳು: "ಇಷ್ಟು ಮಾಡಿದರೂ ಸಾಲ ಕೊಡುವುದು ಬಿಡುವುದು ಬ್ಯಾಂಕಿಗೆ ಸೇರಿದ್ದು. ನಾನು ಭರವಸೆ ಕೊಡಲಾರೆ." ಗುತ್ತೆವ್ವ ನಂಬಿದ್ದು ಆ ಕೊನೆಯ ಸಾಲನ್ನು.

ಅರ್ಜಿ ನೋಡಿ ಕಂಪನಿ ಒಪ್ಪಿಗೆಯ ಪತ್ರ ಕೊಟ್ಟಿತು. ಮೈಲಾರಿ ಬಾಕಿ ಕಟ್ಟಿ, ಇನ್ನೇನೂ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ತಂದ. ವರದಿ ತಿದ್ದುಪಡಿಯಾಯಿತೆಂದು ರಾಜಶ್ರೀ ತೆಗೆದು ತೋರಿಸಿದಳು. ಆದರೂ ಬ್ಯಾಂಕಿನವರು, "ಒಂದು ವರ್ಷ ಸಣ್ಣ ಸಾಲ ತಪ್ಪದೆ ಕಟ್ಟಿ ಬನ್ನಿ," ಎಂದರು. ಮುಂದಿನ ಮಳೆಗಾಲವನ್ನು ಸಂಸಾರ ಶಿವಬಸವ್ವನ ಪಡಸಾಲೆಯಲ್ಲಿ ಕಳೆಯಿತು. ಅನುಮಾನಪಟ್ಟವಳೇ ಅಲ್ಲಿ ಒಲೆ ಹೂಡಿದಳು.

ಸಣ್ಣ ಸಾಲದ ಕಂತುಗಳನ್ನು ತಪ್ಪದೆ ಕಟ್ಟಿದ ಮೇಲೆ ಮರುವರ್ಷ ಮನೆಸಾಲ ಮಂಜೂರಾಯಿತು. ಗುತ್ತೆವ್ವ ದೊಡ್ಡ ಮಗಳಿಂದ ಪ್ರತಿಯೊಂದು ಪುಟವನ್ನೂ ಓದಿಸಿದಳು. ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಅವಳು ಅವಸರಪಡಲಿಲ್ಲ. ಕೇಳಿ ಮುಗಿದ ಮೇಲೆ, ಗೋಡೆ ಕೆಳಗೆ ಸತ್ತ ಅತ್ತೆಯನ್ನು ನೆನೆದು ಕಣ್ಣೊರೆಸಿಕೊಂಡು ಸಹಿ ಮಾಡಿದಳು.

ತಾಯಂದಿರೇ, ಅಣ್ಣಂದಿರೇ, ಸಾಲ ರಾಜಿಯಾಗಿದ್ದರೆ ಇಂದೇ ನಿಮ್ಮ ಸಿಬಿಲ್ ವರದಿ ತೆಗೆಸಿ ನೋಡಿ. ವರ್ಷಕ್ಕೊಮ್ಮೆ ಅದು ಪುಕ್ಕಟೆ ಸಿಗುತ್ತದೆ. ನಿಜವಾದ ದಾಖಲೆಯನ್ನು ದುಡ್ಡು ತೆಗೆದುಕೊಂಡು ಅಳಿಸುವವರು ಯಾರೂ ಇಲ್ಲ. ಫೋನಿಗೆ ಬಂದ ಗುಟ್ಟಿನ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ದೇವರಿಗೆ ಕೈ ಮುಗಿಯಿರಿ, ಆತನನ್ನು ಸಾಲಕ್ಕೆ ಜಾಮೀನು ನಿಲ್ಲಿಸಬೇಡಿ. ಬೇಬಾಕಿ ಪತ್ರ ಕೈಗೆ ಬರುವ ತನಕ ಸಾಲ ಕೊಟ್ಟವರ ಕಚೇರಿಯ ಬಾಗಿಲು ಬಿಟ್ಟು ಕದಲಬೇಡಿ.