ಬೆನ್ನು ಮಾಡಿ ಕೂತವಳು

ಮಗಳು ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಗಿರಾಕಿಯ ಕಿವಿಯ ಅಳತೆಗೆ ಮೆಲ್ಲಗೆ ಬಗ್ಗಿಸುತ್ತಿದ್ದಾಗ ಅಂಗಡಿಯ ಫೋನು ಬಡಿದುಕೊಂಡಿತು. ಅಮ್ಮನ ಪಕ್ಕದ ಮನೆಯ ದರ್ಜಿ ಮಾತಾಡುತ್ತಿದ್ದ.

"ನಿಮ್ಮಮ್ಮನ ಬೆಕ್ಕು ಬೆಳಿಗ್ಗೆಯಿಂದ ಒಂದೇ ಸಮ ಕೂಗ್ತಿತ್ತಮ್ಮ. ಬಾಗಿಲು ಬಡಿದೆ, ತೆಗೀಲಿಲ್ಲ. ಕೊನೆಗೆ ಚಿಲಕ ಮುರಿದ್ವಿ. ಬಾಮ್ಮ. ಅವಸರ ಮಾಡ್ಕೊಂಡು ಬೀಳ್ಬೇಡ. ಅವಸರ ಮಾಡೋಕೆ ಇನ್ನೇನೂ ಉಳಿದಿಲ್ಲ."

ಮಗಳು ಫೋನು ಇಟ್ಟಳು. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಏರಿಸಿ, ಎರಡು ಕಣ್ಣೂ ಗಾಜಿನ ನಡುವಿಗೆ ಬಂದಿವೆಯೇ ಎಂದು ಬಗ್ಗಿ ನೋಡಿದಳು. "ಸರಿ ಕೂತಿದೆ" ಎಂದಳು. ದಿನವಿಡೀ ಜನರ ಮುಖ ನೋಡುವುದೇ ಅವಳ ಕೆಲಸ. ಆ ಗಿರಾಕಿ ಎದ್ದು ಹೋದ ಮೇಲೆಯೇ ಅವಳು ಅಂಗಡಿಯ ಬಾಗಿಲು ಎಳೆದುಕೊಂಡು ಅಮ್ಮನ ಮನೆಗೆ ಹೊರಟದ್ದು.

ಅಮ್ಮ ಅಡುಗೆಮನೆಯಲ್ಲಿ, ತಗ್ಗಿನ ಮಣೆಯ ಮೇಲೆ, ಗೋಡೆಗೆ ಹಣೆ ಆನಿಸಿ ಕೂತಿದ್ದಳು. ಮಡಿಲಲ್ಲಿ ಒಂದು ಸಣ್ಣ ಪಾತ್ರೆ, ಕೈಯಲ್ಲಿ ಉಜ್ಜುವ ನಾರು. ಬೆನ್ನ ಹಿಂದೆ ನೆಲದ ಮೇಲೆ ಬೆಕ್ಕಿನ ಬಟ್ಟಲು, ನೆಕ್ಕಿ ನೆಕ್ಕಿ ಹೊಳೆಯುತ್ತಿತ್ತು.

'ಸಾಯುವಾಗಲೂ ಗೋಡೆ ಕಡೆಗೇ ಮುಖ ಮಾಡಿದೆಯಲ್ಲಮ್ಮ' ಎಂದುಕೊಂಡಳು ಮಗಳು. ಅಳು ಬರಲಿಲ್ಲ.

*

ಮಾರನೆಯ ದಿನ ಮಣ್ಣು ಮಾಡುವುದೆಂದು ನಿಶ್ಚಯವಾಯಿತು. ಬೆಳಗಾಗುವಷ್ಟರಲ್ಲಿ ಮನೆ ತುಂಬ ಜನ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ನಡುಮನೆಯಲ್ಲಿ ಅಮ್ಮ ಬಿಳಿಯ ಹೊದಿಕೆಯಡಿ ಮಲಗಿದ್ದಳು. ಒಳಕೋಣೆಯಲ್ಲಿ ಮಂಚದ ಕೆಳಗೆ ಬೆಕ್ಕು ಮುದುಡಿ ಕೂತಿತ್ತು.

ಬೂದುಬಣ್ಣದ ಮುದಿ ಗಂಡುಬೆಕ್ಕು ಅದು. ಅಮ್ಮ ಅದನ್ನು 'ಸಾಹೇಬರು' ಎನ್ನುತ್ತಿದ್ದಳು. "ಸಾಹೇಬರಿಗೆ ಇವತ್ತು ಮೀನು ಆಗ್ಲಿಲ್ಲ", "ಸಾಹೇಬರು ನಿನ್ನೆ ಮೆಚ್ಚಿದ್ದನ್ನ ಇವತ್ತು ಮೂಸೂ ನೋಡ್ಲಿಲ್ಲ" ಎಂದು ಫೋನಿನಲ್ಲಿ ದಿನವೂ ವರದಿ. ಮೂತ್ರಪಿಂಡ ಸೊರಗಿದೆ ಎಂದು ಪಶುವೈದ್ಯೆ ಹೇಳಿದ ಮೇಲಂತೂ ಅಮ್ಮನಿಗೆ ಬೇರೆ ಮಾತೇ ಇರಲಿಲ್ಲ. ಅದಕ್ಕೆಂದೇ ಬೇರೆ ಆಹಾರ, ಸಪ್ಪೆಯದು. ಸಾಹೇಬರಿಗೆ ಅದು ಕಂಡರಾಗದು.

ನಿನ್ನೆಯ ಆ ಬಟ್ಟಲಿನ ನಂತರ ಬೆಕ್ಕು ಏನನ್ನೂ ಮುಟ್ಟಿರಲಿಲ್ಲ. ಮಗಳು ಪಶುವೈದ್ಯೆಗೆ ಫೋನು ಮಾಡಿದಾಗ ಆಕೆ ಹೇಳಿದ್ದಳು: "ಊಟ ನಿಂತ್ರೆ ಕಷ್ಟಮ್ಮ. ಈ ವಯಸ್ಸಲ್ಲಿ ಒಮ್ಮೆ ಕುಸಿದ್ರೆ ಏಳಲ್ಲ. ಇವತ್ತು ಸಂಜೆ ಒಳಗೆ ಒಂದು ನಾಲ್ಕು ತುತ್ತಾದ್ರೂ ಹೋಗ್ಲಿ. ಇಲ್ಲಾಂದ್ರೆ ಕರ್ಕೊಂಡು ಬನ್ನಿ, ಊಟಕ್ಕೆ ಕೊಳವೆ ಹಾಕೋಣ. ಆದ್ರೆ ಅದು ತಡ್ಕೊಳ್ಳುತ್ತೋ ಇಲ್ವೋ, ನಾನು ಮಾತು ಕೊಡಲಾರೆ."

ಹೀಗಾಗಿ ಸಾವಿನ ಮನೆಯಲ್ಲಿ ಬೆಕ್ಕಿನ ಊಟವೇ ಒಂದು ದೊಡ್ಡ ಸಂಗತಿಯಾಯಿತು. ಅಳುವುದಕ್ಕಿಂತ ಅದು ಸುಲಭವಾಗಿತ್ತೇನೋ, ಎಲ್ಲರೂ ಕೈ ಹಾಕಿದರು. ಮಗಳ ಗಂಡ ಆ ಆಹಾರದ ಹೊಸ ಡಬ್ಬಿ ಒಡೆದು ತಂದ. ದರ್ಜಿಯ ಹೆಂಡತಿ ತನ್ನ ಮನೆಯಿಂದ ಬೇಯಿಸಿದ ಮೀನು ತಂದಳು. ಅಮ್ಮನ ತಮ್ಮ, ಮಗಳ ಸೋದರಮಾವ, ಭಾರಿ ದೇಹವನ್ನು ನೆಲಕ್ಕೆ ಚೆಲ್ಲಿ ಮಂಚದ ಕೆಳಗೆ ಟಾರ್ಚು ಬಿಟ್ಟ.

"ಏ ಸಾಹೇಬ, ತಿನ್ನೋ. ನಮ್ಮಕ್ಕನ ಮಾನ ಕಳೀಬೇಡ."

"ಮಾವ, ಕಣ್ಣಿಗೆ ಬೆಳಕು ಬಿಡ್ಬೇಡಿ, ಹೆದರುತ್ತೆ."

"ಹೆದರೋದು ನಾನಮ್ಮ. ಎಂಥಾ ನೋಟ ನೋಡ್ತಿದೆ ನೋಡು. ನಾನೇ ಏನೋ ಕದ್ದ ಹಾಗೆ."

"ನಿಮ್ಮ ಮೀಸೆ ನೋಡಿ ಅದಕ್ಕೆ ಇನ್ನೊಂದು ಬೆಕ್ಕು ಬಂತು ಅನ್ನಿಸಿರ್ಬೇಕು" ಎಂದಳು ದರ್ಜಿಯ ಹೆಂಡತಿ. ಯಾರೋ ನಕ್ಕರು. ನಕ್ಕವರು ಕೂಡಲೇ ನಡುಮನೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಮಗಳು ಬೆರಳ ತುದಿಯಲ್ಲಿ ಆಹಾರ ಹಚ್ಚಿಕೊಂಡು ಬೆಕ್ಕಿನ ಮೂಗಿನವರೆಗೂ ಕೈ ಚಾಚಿದಳು. ಅದರ ಮುಖವನ್ನೇ ನೋಡಿದಳು. "ತಿನ್ನಪ್ಪ. ಒಂದೇ ಒಂದು ತುತ್ತು. ನನ್ನ ಅಪ್ಪ ಅಲ್ವಾ." ಬೆಕ್ಕು ಮುಖ ತಿರುಗಿಸಿ ಗೋಡೆಯ ಮೂಲೆಗೆ ಇನ್ನಷ್ಟು ಒತ್ತಿಕೊಂಡಿತು.

"ಅಕ್ಕ ಎಳ್ಕೊಂಡು ಹೋಗ್ತಿದ್ದಾಳೆ ಬಿಡು" ಎಂದ ಮಾವ, ಏದುಸಿರು ಬಿಡುತ್ತ ಏಳುತ್ತ. "ಹೋಗ್ಲಿ. ಅವಳಿಗೂ ಜೊತೆ ಬೇಕಲ್ಲ."

"ಹಾಗನ್ಬೇಡಿ ಮಾವ" ಎಂದಳು ಮಗಳು. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅಮ್ಮ ಬಿಟ್ಟುಹೋದ ಜೀವ ಇದೊಂದೇ. ಇದೂ ಅವಳ ಕೈಯಲ್ಲಿ ಹೋಗಿಬಿಟ್ಟರೆ?

*

ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ಮುದುಕಿಯಾದವಳು. ಅಲ್ಲಿ ಅವಳಿಗೆ 'ದೊಡ್ಡ ಸೌಟು' ಎಂದೇ ಹೆಸರು. ಮನೆಯಲ್ಲಿಯೂ ಹಾಗೆಯೇ. ತಟ್ಟೆ ಇಟ್ಟರೆ ಇಟ್ಟಳು. ತಿನ್ನು ಎಂದು ಗೋಗರೆಯುವ ಜಾಯಮಾನವಲ್ಲ.

ಮಗಳಿಗೆ ಚಿಕ್ಕಂದಿನಲ್ಲಿ ಒಮ್ಮೆ ವಿಷಮಜ್ವರ ಬಂದಿತ್ತು. ನಾಲಿಗೆ ಕಹಿ, ಗಂಟಲು ಮುಳ್ಳು. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳಿಗೆ ಕಾಯಿಲೆಯಾದರೆ ತಾಯಂದಿರು ತೊಡೆಯ ಮೇಲೆ ಮಲಗಿಸಿಕೊಂಡು, ಕತೆ ಹೇಳಿ, ಕಣ್ಣೀರು ಸುರಿಸಿ ತಿನ್ನಿಸುವುದನ್ನು ಅವಳು ಕಂಡಿದ್ದಳು. ತನಗೂ ಹಾಗಾಗಲಿ ಎಂದು ಆ ಹುಡುಗಿ ಕಾದಳು. ಅಮ್ಮ ಬಂದಳು. ಬೆಚ್ಚಗಿನ ಗಂಜಿಯ ಬಟ್ಟಲನ್ನು ತಲೆಯ ಬಳಿ ಇಟ್ಟಳು. ಆಮೇಲೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತು ಪಾತ್ರೆ ಉಜ್ಜತೊಡಗಿದಳು. ಆಗಲೇ ತೊಳೆದಿದ್ದ ಪಾತ್ರೆ. ಹುಡುಗಿ ಅದನ್ನು ಗಮನಿಸಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುವಷ್ಟು ಬಿಡುವಿದೆ, ನನ್ನ ಕಡೆ ತಿರುಗಲು ಇಲ್ಲವೇ? ಸಿಟ್ಟಿನಿಂದ ಒಂದು ಚಮಚ ನುಂಗಿದಳು. ಸಿಟ್ಟಿನಿಂದಲೇ ಇನ್ನೊಂದು.

ಆ ಬೆನ್ನು ಅವಳ ಎದೆಯಲ್ಲಿ ಹಾಗೆಯೇ ಉಳಿದುಹೋಯಿತು. ಮೊನ್ನೆ, ಅಮ್ಮ ಫೋನಿನಲ್ಲಿ ಸಾಹೇಬರ ಊಟದ ಪುರಾಣ ಬಿಚ್ಚಿದಾಗ, ಅದು ತಟ್ಟನೆ ಬಾಯಿಗೆ ಬಂದಿತ್ತು.

"ಬೆಕ್ಕಿಗೆ ಇಷ್ಟು ಉಪಚಾರ ಮಾಡ್ತೀಯಲ್ಲಮ್ಮ, ನಂಗೆ ಯಾವತ್ತಾದ್ರೂ ಒಂದು ತುತ್ತು ರಮಿಸಿ ತಿನ್ನಿಸಿದ್ಯಾ?"

ಅಮ್ಮ, ಆಶ್ಚರ್ಯವಾದವಳಂತೆ, "ನೀನು ತಿಂದ್ಯಲ್ಲೇ" ಎಂದಿದ್ದಳು.

ಅದೇ ಕೊನೆಯ ಮಾತಾಯಿತು.

*

ಸ್ಮಶಾನದಲ್ಲಿ ಮಣ್ಣು ಹಸಿಯಾಗಿತ್ತು. ಪೆಟ್ಟಿಗೆಯನ್ನು ಇಳಿಸಿದ ಮೇಲೆ ಪ್ರಾರ್ಥನೆ ಹೇಳಿಸಲು ಬಂದಿದ್ದ ಹಿರಿಯರು ಮಗಳ ಕಡೆ ತಿರುಗಿದರು. "ನೀನೇ ಮಗಳಲ್ವೇನಮ್ಮ? ನಿನ್ನ ಬಾಯಿಂದ ಒಂದು ಮಾತು ಬರ್ಲಿ. ದೇವರು ಮಕ್ಕಳ ಮಾತು ಬೇಗ ಕೇಳ್ತಾನೆ."

ಅವಳು ಬಾಯಿ ತೆರೆದಳು. "ಅಮ್ಮ ಬಹಳ ಜನಕ್ಕೆ ಊಟ ಕೊಟ್ಟಳು" ಎಂದಳು. ಮುಂದೆ ಹೊರಡಲಿಲ್ಲ. ಹಿರಿಯರು ತಾವೇ ಮುಗಿಸಿದರು. ಗಂಡ ಅವಳ ಭುಜ ಹಿಡಿದುಕೊಂಡ. ದೇವರ ಮುಂದೆಯೂ ಅಮ್ಮನಿಗಾಗಿ ಒಂದು ಮಾತು ಹುಟ್ಟಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅವಳಿಗೆ ನಾಚಿಕೆ.

ಮನೆಗೆ ಬಂದಾಗ ಮಂಚದ ಬಳಿ ಮೀನು ಒಣಗಿತ್ತು. ಬೆಕ್ಕು ಇದ್ದಲ್ಲೇ ಇತ್ತು. ಕತ್ತು ಎತ್ತುವುದನ್ನೂ ಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಪಾತ್ರೆ ತೊಳೆಯುತ್ತಿದ್ದ ಮುದುಕಿ, ಎಲ್ಲರೂ 'ಪಾತ್ರೆಯಮ್ಮ' ಎನ್ನುವವಳು, ಬೇಡವೆಂದರೂ ಕೇಳದೆ ಅಡುಗೆಮನೆಯಲ್ಲಿ ಲೋಟಗಳ ರಾಶಿಗೆ ಕೂತಿದ್ದಳು. ಮಗಳು ಒರೆಸಲು ಬಟ್ಟೆ ತೆಗೆದುಕೊಂಡಳು.

"ನಿಮ್ಮಮ್ಮನ ಜೊತೆ ನಾನು ಜಗಳ ಆಡದ ದಿನ ಇಲ್ಲ ಮಗಳೇ" ಎಂದಳು ಪಾತ್ರೆಯಮ್ಮ. "ನಾನು ತೊಳೆದಿಟ್ಟಿದ್ದನ್ನ ಮತ್ತೆ ಉಜ್ಜೋಳು. ನನ್ನ ಕೆಲಸಕ್ಕೆ ಹೆಸರಿಡ್ತೀಯಾ ಅಂತ ನಾನು ಹಾರಾಡೋಳು. ವಾರ್ಡಿಗೆ ಹೋದ್ರೆ ಕಿಟಕಿ. ರೋಗಿ ಮುಂದೆ ತಟ್ಟೆ ಇಟ್ಟು, ಬೆನ್ನು ಮಾಡಿ ನಿಂತು ಕಿಟಕಿ ಒರೆಸೋಳು. ಒರೆಸಿ ಒರೆಸಿ ಆ ಗಾಜು ಅರ್ಧ ಸವೆದಿರ್ಬೇಕು. ದೊಡ್ಡ ನರ್ಸಮ್ಮ ಒಂದಿನ ಹಿಡ್ಕೊಂಡ್ರು. ಊಟ ಕೊಡೋಳಿಗೆ ಕಿಟಕಿ ಉಸಾಬರಿ ಯಾಕೆ ಅಂತ."

"ಅಮ್ಮ ಏನಂದ್ಲು?"

"ಅವಳ ಬಾಯಿ ಗೊತ್ತಲ್ಲ. 'ಮೈ ಹುಷಾರಿಲ್ಲದೆ ಮಲಗಿದ್ದಾಗ ಒಬ್ಬರು ಬಾಯನ್ನೇ ನೋಡ್ತಾ ನಿಂತ್ರೆ ನಿಮಗೆ ತುತ್ತು ಇಳಿಯುತ್ತಾ? ಬಿಟ್ಟು ಹೋಗೋಕೂ ನಂಗೆ ಮನಸ್ಸಿಲ್ಲ. ಅದಕ್ಕೇ ಕಿಟಕಿ ಒರೆಸ್ತೀನಿ' ಅಂದ್ಲು." ಪಾತ್ರೆಯಮ್ಮ ನಗಲು ಹೋದಳು. ನಗು ಅರ್ಧಕ್ಕೇ ಅಳುವಾಯಿತು. "ಬಟ್ಟಲಿಗೆ ಚಮಚ ತಾಗೋ ಸದ್ದು ಕೇಳೋವರೆಗೂ ಆ ಕಡೆಯಿಂದ ಕದಲ್ತಿರ್ಲಿಲ್ಲ."

ಮಗಳ ಕೈಯಲ್ಲಿದ್ದ ಬಟ್ಟೆ ಲೋಟದೊಳಗೇ ನಿಂತಿತು.

ಅವಳು ತಗ್ಗಿನ ಮಣೆಯ ಕಡೆ ನೋಡಿದಳು. ಅದರ ಪಕ್ಕದಲ್ಲಿ, ನಿನ್ನೆ ಅಮ್ಮನ ಕೈಯಿಂದ ಬಿಡಿಸಿಟ್ಟ ಸಣ್ಣ ಪಾತ್ರೆ. ಅದರ ತಳ ಉಜ್ಜಿ ಉಜ್ಜಿ ಹಾಳೆಯಷ್ಟು ತೆಳ್ಳಗಾಗಿತ್ತು.

*

"ಎಲ್ಲರೂ ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದಳು ಮಗಳು.

"ಯಾಕಮ್ಮ? ಬೆಕ್ಕನ್ನ ಡಾಕ್ಟರ ಹತ್ರ ಒಯ್ಯೋದಿದ್ರೆ ಹೇಳು, ಬುಟ್ಟಿ ತರ್ತೀನಿ" ಎಂದ ಮಾವ.

"ಇನ್ನೂ ಸಂಜೆ ಆಗಿಲ್ಲ ಮಾವ. ಇದೊಂದು ಸಲ."

ಅವರು ಹೋದರು. ಮಗಳು ಒಣಗಿದ್ದನ್ನೆಲ್ಲ ತೆಗೆದು ಹಾಕಿದಳು. ಅದೇ ಸಪ್ಪೆ ಆಹಾರವನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಬೆರೆಸಿ, ಚಮಚದ ಬೆನ್ನಿನಿಂದ ಮೆತ್ತಗೆ ಹಿಸುಕಿದಳು. ಹಬೆ ಎದ್ದಿತು. ಬಟ್ಟಲನ್ನು ಮಣೆಯ ಹಿಂದೆ ನೆಲದ ಮೇಲಿಟ್ಟು, ಒಳಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಮಂಚದ ಕಡೆ ಒಮ್ಮೆಯೂ ನೋಡದೆ ಬಂದು ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಅವಳ ಹಣೆಯ ಎತ್ತರಕ್ಕೆ ಸರಿಯಾಗಿ ಗೋಡೆಯಲ್ಲಿ ಒಂದು ಎಣ್ಣೆಗಪ್ಪು ಕಲೆ ಇತ್ತು. ಅಮ್ಮ ಎಷ್ಟು ಸಲ ಅಲ್ಲಿ ಹಣೆ ಆನಿಸಿದ್ದಳೋ.

ತೊಳೆದಿದ್ದ ಪಾತ್ರೆಯನ್ನು ಮಡಿಲಿಗೆ ತೆಗೆದುಕೊಂಡು ಉಜ್ಜತೊಡಗಿದಳು.

ಹಿಂದೆ ಏನೂ ಸದ್ದಿಲ್ಲ. ಹೊರಗೆ ಮಾವನ ಕೆಮ್ಮು. ತಿರುಗಿ ನೋಡಬೇಕೆಂದು ಕತ್ತಿನ ನರಗಳೆಲ್ಲ ಸೆಟೆದವು. ಹೀಗೆ ತಿರುಗದೆ ಕೂರುವುದಕ್ಕೆ ಎಷ್ಟು ಶಕ್ತಿ ಬೇಕೆಂದು ಅವಳಿಗೆ ಇಂದಿನವರೆಗೂ ಗೊತ್ತಿರಲಿಲ್ಲ. ಉಜ್ಜುತ್ತಲೇ ಇದ್ದಳು. ಪಾತ್ರೆಯ ತಳದಲ್ಲಿ ಅವಳ ಮುಖ ಮಸುಕಾಗಿ ಕಂಡು ಅಲುಗಾಡಿತು.

ಬಹಳ ಹೊತ್ತಿನ ಮೇಲೆ ನೆಲದ ಮೇಲೆ ಉಗುರು ತಾಗಿದ ಸದ್ದು. ನಿಂತಿತು. ಮತ್ತೆ ತಾಗಿತು. ಮೂಸುವ ಸಣ್ಣ ಉಸಿರು. ಆಮೇಲೆ, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ, ನಾಲಿಗೆಯ ಸದ್ದು. ಒಮ್ಮೆ. ಇನ್ನೊಮ್ಮೆ. ಬಟ್ಟಲು ನೆಲದ ಮೇಲೆ ಚೂರು ಸರಿಯಿತು.

ಮಗಳು ತಿರುಗಲಿಲ್ಲ. ಕಣ್ಣಿಂದ ಧಾರೆಯಾಗಿ ಇಳಿದದ್ದು ಪಾತ್ರೆಯೊಳಗೆ ಬಿತ್ತು. ಅದನ್ನೂ ಸೇರಿಸಿ ಉಜ್ಜಿದಳು. ಸ್ಮಶಾನದಲ್ಲಿ ಬಾರದಿದ್ದ ಮಾತು ಈಗ ತಾನಾಗಿ ತುಟಿಗೆ ಬಂತು. ಬೆಕ್ಕಿಗೆ ಕೇಳಿಸದಷ್ಟು ಮೆಲ್ಲಗೆ ಅವಳು ಗೋಡೆಗೆ ಹೇಳಿದಳು:

"ದೇವರೇ, ನಮ್ಮಮ್ಮನನ್ನ ನಿನ್ನ ಮನೇಲಿ ನೆಮ್ಮದಿಯಾಗಿಡು. ಬಹಳ ದಣಿದು ಬಂದಿದ್ದಾಳೆ, ಹಸಿದಿರ್ತಾಳೆ. ಬೆಚ್ಚಗಿರೋದು ಏನಾದ್ರೂ ಅವಳ ಮುಂದಿಡು. ಆದ್ರೆ ತಿನ್ನೋವರೆಗೂ ಅವಳ ಮುಖ ನೋಡ್ಬೇಡ, ತಂದೆ. ಬಿಟ್ಟೂ ಹೋಗ್ಬೇಡ."