ಕೋವಿ ಸಂತೆಯ ಜಗಳ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೇಳುವವರು ಹೇಳಲಿ. ಆದರೆ ರುಸ್ತಾಕಿನ ಕೋವಿ ಸಂತೆಯಲ್ಲಿ ನಾನು ಮಾಡಿದ ಜಗಳ ಕೋಪದಿಂದ ಮಾಡಿದ್ದಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನನ್ನ ಹೆಸರು ಮಹ್ರೂಫ್, ಊರು ಉಪ್ಪಿನಂಗಡಿ. ಮಸ್ಕತ್ ಕಡೆಯ ಈ ರುಸ್ತಾಕಿಗೆ ಬಂದು ಹಾರ್ಡ್‌ವೇರ್ ಅಂಗಡಿ ಹಾಕಿ ಇಪ್ಪತ್ತೇಳು ವರ್ಷ ಆಯಿತು. ನಡೆಸುವವನು ನಾನು, ಬೋರ್ಡಿನ ಮೇಲಿನ ಹೆಸರು ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಖಲ್ಫಾನರದ್ದು. ಅವರನ್ನು ನಾನು ಕರೆಯುವುದು ಅರ್ಬಾಬ್, ಅಂದರೆ ಧಣಿ ಎಂದು. ನಮ್ಮ ಮಾತು ಅರ್ಧ ಅರಬಿ, ಅರ್ಧ ಉರ್ದು. ಇಲ್ಲಿ ಎಲ್ಲವನ್ನೂ ನನ್ನ ಊರಿನ ಕನ್ನಡದಲ್ಲೇ ಹೇಳುತ್ತೇನೆ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅರ್ಬಾಬರಿಗೆ ಒಂದೇ ಒಂದು ಹುಚ್ಚು, ಹಳೆ ಕೋವಿಗಳದ್ದು. ಬೇಟೆಯ ಕೋವಿ ಅಲ್ಲ. ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆಂದು ಮಾಡಿ, ಆಮೇಲೆ ಬೇಡವಾಗಿ ಮಾರಿದ ತ್ರೀ ನಾಟ್ ತ್ರೀ ರೈಫಲುಗಳು. ಅತಿಥಿಗಳು ಕೂರುವ ಅವರ ಮಜ್ಲಿಸಿನ ಗೋಡೆಯ ತುಂಬ ಅವೇ. ಪ್ರತಿ ಶುಕ್ರವಾರ ಬೆಳಿಗ್ಗೆ ಕೋಟೆಯ ಹತ್ತಿರ ನಾಲ್ಕಾರು ಮುದುಕರು ಕಂಬಳಿ ಹಾಸಿ ಹಳೆ ಕೋವಿ, ಖಂಜರ್, ತೋಟಾದ ಬೆಲ್ಟು ಇಟ್ಟುಕೊಂಡು ಕೂರುತ್ತಿದ್ದರು. ಮೊದಮೊದಲು ನನ್ನ ಹಳೆ ಪಿಕಪ್ಪಿನಲ್ಲಿ ನಾವಿಬ್ಬರೂ ಹೋಗುತ್ತಿದ್ದೆವು. ದಾರಿಯಲ್ಲಿ ಹಲ್ವಾ, ಏಲಕ್ಕಿ ಹಾಕಿದ ಕಹ್ವಾ ಕಾಫಿ, ಒಂದು ಹಿಡಿ ಖರ್ಜೂರ. ಕಿಟಕಿಯ ಗಾಜು ಇಳಿಸಿದರೆ ಇಡೀ ಊರಿನ ಲೋಬಾನದ ಪರಿಮಳ ಒಳಗೆ ಬರುತ್ತಿತ್ತು. ಈಗ ಏಸಿ ಹಾಕಿ ಗಾಜು ಮುಚ್ಚಿ ಹೋಗುತ್ತೇವೆ, ಏನೂ ಬರುವುದಿಲ್ಲ. ಆ ದಿನಗಳು ಇನ್ನೊಂದು ಸಲ ಸಿಕ್ಕಿದರೆ ಅಂಗಡಿಯನ್ನೇ ಬಿಟ್ಟುಕೊಡುತ್ತೇನೆ, ಆಣೆ ಮಾಡಿ ಹೇಳುತ್ತೇನೆ.

ನಮ್ಮಂಥ ಪರದೇಶಿಗಳು ಕೋವಿ ಕೊಳ್ಳುವ ಹಾಗಿಲ್ಲ. ಮತ್ತೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಯಾಕೆ? ಚೌಕಾಸಿಗೆ! ಅರ್ಬಾಬ್ ದೊಡ್ಡ ಮನೆತನದವರು. ಸಂತೆಯಲ್ಲಿ ನಿಂತು ‘ಕಡಿಮೆ ಮಾಡು’ ಅನ್ನಲು ಅವರ ನಾಲಿಗೆ ಹೊರಳುವುದಿಲ್ಲ. ಕಣ್ಣು ಅವರದ್ದು, ಬಾಯಿ ನನ್ನದು. ಅವರು ಕೋವಿಯನ್ನು ನೋಡಿ ಕೆಳಗಿಟ್ಟರೆ ಸುಮ್ಮನೆ ಮುಂದೆ ಹೋಗುವುದು. ನನ್ನ ಕೈಗೆ ಕೊಟ್ಟರೆ ನಾನು ಶುರು ಮಾಡುವುದು.

ಆ ಕಣ್ಣಿಗೆ ಸಂತೆಯೇ ಹೆದರುತ್ತಿತ್ತು. ಬೋಲ್ಟು ತೆಗೆದು, ಹಿಂದಿನ ತೂತಿಗೆ ಹೆಬ್ಬೆರಳಿನ ಉಗುರನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಮುಂದಿನಿಂದ ನಳಿಗೆಯೊಳಗೆ ಇಣುಕುವರು. ಉಗುರಿನ ಬೆಳಕಿನಲ್ಲಿ ಒಳಗಿನ ಸುರುಳಿ ಗೆರೆಗಳು ಚೊಕ್ಕ ಕಾಣಬೇಕು. ಬೋಲ್ಟಿನ ಮೇಲಿನ ನಂಬರು, ಕೋವಿಯ ಮೈಮೇಲಿನ ನಂಬರು ಎರಡೂ ಒಂದೇ ಆಗಿರಬೇಕು. ಸ್ಕ್ರೂಗಳ ತಲೆ ಕಿತ್ತಿರಬಾರದು. ಮರಕ್ಕೆ ವಾರ್ನಿಷ್ ಬಳಿದಿದ್ದರೆ ಮುಟ್ಟಲೇಬಾರದು. “ಹೊಸತರ ಹಾಗೆ ಉಜ್ಜಿದ್ದಾನೆ ಅಂದ್ರೆ ಎಂತದೋ ಅಡಗಿಸಿದ್ದಾನೆ ಅಂತ ಅರ್ಥ, ಮಹ್ರೂಫ್. ಮಾರುವವ ಅಜ್ಜನ ಕಾಲದ ಯುದ್ಧದ ಕಥೆ ಶುರು ಮಾಡಿದ್ರೆ ನೀನು ಕಿವಿಗೆ ಹತ್ತಿ ಇಟ್ಕೋ” ಎನ್ನುತ್ತಿದ್ದರು. ಹೀಗೆ ಶುಕ್ರವಾರ ಶುಕ್ರವಾರ ಕೇಳಿ ಕೇಳಿ ನನಗೂ ಕೋವಿ ನೋಡುವುದು ಬಂತು. ಮಾರುವವರೇ ತಮ್ಮ ಮಾಲು ಅಸಲಿಯೋ ನಕಲಿಯೋ ಎಂದು ಅರ್ಬಾಬರಲ್ಲಿ ಕೇಳಿಕೊಂಡು ಹೋಗುತ್ತಿದ್ದರು. ಆ ಸಂತೆಯಲ್ಲಿ ಅವರ ಮಾತೇ ಕೊನೆಯ ಮಾತು.

ಆ ಕಣ್ಣು ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಹೋದ ರಂಜಾನಿನಲ್ಲಿ. ಕಹ್ವಾವನ್ನು ಕಪ್ಪಿನ ಪಕ್ಕಕ್ಕೆ ಸುರಿದರು. ಜಮಖಾನೆ ಒದ್ದೆಯಾದದ್ದೂ ಅವರಿಗೆ ಕಾಣಲಿಲ್ಲ. ಮಂಡಿ ನೋವು ಎಂದು ಕಾರು ಓಡಿಸುವುದು ಬಿಟ್ಟರು. ನನ್ನನ್ನು ಗುರುತು ಹಿಡಿಯುವುದು ಕೆಮ್ಮಿನಿಂದ ಎಂದು ಗೊತ್ತಾದ ಮೇಲೆ ಅವರ ಎದುರು ಹೋಗುವ ಮೊದಲು ನಾನೇ ಸುಮ್ಮನೆ ಕೆಮ್ಮತೊಡಗಿದೆ. ಮಸ್ಕತ್‌ನಲ್ಲಿರುವ ಗಂಡುಮಕ್ಕಳಿಗೆ ಅವರು ಹೇಳಲಿಲ್ಲ. ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶುಕ್ರವಾರದ ಸಂತೆ ಮಾತ್ರ ಬಿಡಲಿಲ್ಲ ಮಾರಾಯ್ರೆ. ಕೋವಿ ಎತ್ತುವರು, ಉಗುರು ಹಿಡಿಯುವರು, ನಳಿಗೆಗೆ ಕಣ್ಣಿಟ್ಟು ತಲೆಯಾಡಿಸುವರು, ಕೆಳಗಿಡುವರು. ಎಷ್ಟೋ ತಿಂಗಳು ಏನನ್ನೂ ಕೊಳ್ಳಲಿಲ್ಲ. ಸಂತೆಯವರು, ಖಲ್ಫಾನರ ಕಣ್ಣಿಗೆ ಈಗೀಗ ಯಾವ ಕೋವಿಯೂ ಹಿಡಿಸುವುದಿಲ್ಲ ಎಂದು ಇನ್ನಷ್ಟು ಮರ್ಯಾದೆ ಕೊಟ್ಟರು.

ಅಷ್ಟರಲ್ಲಿ ಅರ್ಬಾಬರ ಮೊಮ್ಮಗನ ಮದುವೆ ಬಂತು. ಅವರ ಮನೆಯಲ್ಲಿ ಒಂದು ಕ್ರಮ ಉಂಟು. ಮದುಮಗನಿಗೆ ಅಜ್ಜನೇ ಒಂದು ಹಳೆ ಕೋವಿ ಆರಿಸಿ ಕೊಡಬೇಕು, ದಿಬ್ಬಣ ಹೊರಡುವಾಗ ಮದುಮಗ ಅದರಿಂದಲೇ ಮೊದಲ ಸುತ್ತು ಹಾರಿಸಬೇಕು. ಹಾಗಾಗಿ ಈ ಸಲ ಕೊಳ್ಳದೆ ವಿಧಿಯಿಲ್ಲ.

ಆ ಶುಕ್ರವಾರ ಬರ್ಕಾ ಕಡೆಯಿಂದ ಮತರ್ ಎಂಬ ಹೊಸಬ ಬಂದು ಕೂತಿದ್ದ. ಮೂವತ್ತರ ಪ್ರಾಯ, ಚುರುಕು ಬಾಯಿ. ಅರ್ಬಾಬ್ ಒಂದು ತ್ರೀ ನಾಟ್ ತ್ರೀ ಎತ್ತಿಕೊಂಡರು. ಮರವನ್ನು ಸವರಿದರು, ಬೋಲ್ಟನ್ನು ಹಿಂದೆ ಮುಂದೆ ಎಳೆದರು, ನಳಿಗೆಗೆ ಕಣ್ಣಿಟ್ಟರು. ಸುತ್ತ ಮುದುಕರೆಲ್ಲ ಸೇರಿದರು. “ಮಾಶಾ ಅಲ್ಲಾಹ್! ಒಳಗೆ ಕನ್ನಡಿಯ ಹಾಗೆ ಉಂಟು” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕೋವಿಯನ್ನು ನನ್ನ ಕೈಗೆ ಕೊಟ್ಟರು.

ಅಭ್ಯಾಸಬಲದಿಂದ ನಾನೂ ಒಮ್ಮೆ ಇಣುಕಿದೆ. ಗುಂಡು ಕೂರುವ ಜಾಗದಲ್ಲಿ ಕಡಲೆಕಾಳಿನಗಲದ ಒಂದು ಕಪ್ಪು ಮಚ್ಚೆ. ಅದು ತೂತು ಮುಚ್ಚಿದ ವೆಲ್ಡಿಂಗು. ಅಂಥದ್ದೇ ಕೋವಿಯನ್ನು ಪುತ್ತೂರಿನ ಕಾಲೇಜಿನಲ್ಲಿ ಎನ್‌ಸಿಸಿ ಹುಡುಗರಾದ ನಾವು ಹೆಗಲ ಮೇಲೆ ಹೊತ್ತದ್ದುಂಟು. ಪರೇಡಿಗೆ ಮಾತ್ರ ಇರಲಿ, ಯಾರೂ ಹಾರಿಸದಿರಲಿ ಎಂದು ಸೈನ್ಯದವರೇ ನಳಿಗೆಗೆ ತೂತು ಕೊರೆದು ಕೊಡುತ್ತಿದ್ದರು. ಯಾರೋ ಪುಣ್ಯಾತ್ಮ ಆ ತೂತಿಗೆ ಬೆಸುಗೆ ಹಾಕಿ, ಮೇಲೆ ಕರಿ ಬಣ್ಣ ಬಳಿದಿದ್ದ. ಮದುಮಗ ಗುಂಡು ಹಾರಿಸಿದರೆ ಅದು ಸಿಡಿಯುವುದು ಅವನ ಮುಖಕ್ಕೇ.

ಈಗ ಹೇಳಿ, ನಾನೇನು ಮಾಡಬೇಕಿತ್ತು? ‘ಇದರಲ್ಲಿ ವೆಲ್ಡಿಂಗ್ ಉಂಟು’ ಎಂದರೆ, ಕನ್ನಡಿಯ ಹಾಗಿದೆ ಎಂದ ಅರ್ಬಾಬರಿಗೆ ಕಣ್ಣೇ ಕಾಣುವುದಿಲ್ಲ ಎಂದು ಅಲ್ಲೇ ಜಾಹೀರು. ಜೀವಮಾನವಿಡೀ ಗಳಿಸಿದ ಮಾನ ಆ ಕಂಬಳಿಯ ಮೇಲೆ ಚೆಲ್ಲಿಹೋಗುತ್ತದೆ. ಸುಮ್ಮನಿದ್ದರೆ ಮದುಮಗನ ಜೀವ ಹೋಗುತ್ತದೆ. ಕಾರಿನಲ್ಲಿ ಹೇಳೋಣವೆಂದರೆ ಅಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ. ಕೊಂಡ ಕೋವಿಯನ್ನು ಅರ್ಬಾಬ್ ವಾಪಸು ಮಾಡಿದ್ದೇ ಇಲ್ಲ.

ನನ್ನ ಹತ್ತಿರ ಇದ್ದದ್ದು ಬಾಯಿ ಒಂದೇ. ಅದನ್ನೇ ಬಿಟ್ಟೆ. ಒಂದು ಗ್ಯಾಸ್ ಸಿಲಿಂಡರಿನ ಬೆಲೆ ಹೇಳಿದೆ. ಮತರ್ ನಕ್ಕ. “ಎಂತ ನಗುವುದು? ಇದು ಕೋವಿಯಾ, ಗುಜರಿಯಾ? ನಿನ್ನ ಮುಖ ನೋಡಿದ್ರೇ ಗೊತ್ತಾಗ್ತದೆ ನೀನು ಎಂಥವ ಅಂತ. ಕದ್ದ ಮಾಲು ಮಾರ್ಲಿಕ್ಕೆ ನಿನಗೆ ಬರ್ಕಾದಲ್ಲಿ ಜಾಗ ಸಿಗ್ಲಿಲ್ವಾ?” ಎಂದು ಬಾಯಿಗೆ ಬಂದಂತೆ ಬೈದೆ. ಅವನ ಅಪ್ಪನನ್ನೂ ಎಳೆದು ತಂದೆ, ಅಲ್ಲಾಹನೇ ಮಾಫ್ ಮಾಡಲಿ. ಮತರ್ ಕೆಂಪಾಗಿ ಎದ್ದು ಕೋವಿಯನ್ನು ಕಿತ್ತುಕೊಂಡ. “ಖಲಾಸ್! ರಾಶಿ ಚಿನ್ನ ಸುರಿದರೂ ನಿನ್ನ ಅರ್ಬಾಬಿಗೆ ನಾನು ಮಾರುವುದಿಲ್ಲ!”

ನನಗೆ ಬೇಕಾದದ್ದೂ ಅದೇ. ಆದರೆ ಮುದುಕರು ಬಿಡುತ್ತಾರೆಯೇ? ಇಪ್ಪತ್ತೇಳು ವರ್ಷ ನನಗೆ ಕಹ್ವಾ ಬಗ್ಗಿಸಿ ಕೊಟ್ಟವರೇ ಛೀ ಥೂ ಅಂದರು. ಇನ್ನು ಮೇಲೆ ಈ ಕಡೆ ಕಾಲಿಡಬೇಡ ಎಂದ ಒಬ್ಬ. ಅರ್ಬಾಬ್ ನನ್ನ ಕಡೆ ತಿರುಗಿದರು. “ಮಹ್ರೂಫ್, ಕಾರಿಗೆ ನಡೆ” ಎಂದರು. ಆಮೇಲೆ ಆ ಪೋರನ ಎದುರು ಎದೆಗೆ ಕೈಯಿಟ್ಟು ಕ್ಷಮೆ ಕೇಳಿದರು.

ವಾರವಿಡೀ ಅರ್ಬಾಬರ ಫೋನಿಲ್ಲ. ಸಂತೆಯ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನನ್ನ ಹೆಂಡತಿ ಶಾಹಿದಾ ತಲೆಯ ಮೇಲೆ ಕೈ ಹೊತ್ತು ಕೂತಳು. “ವೀಸಾ ರಿನ್ಯೂವಲ್ಲಿಗೆ ಅವರ ಸೈನ್ ಬೇಕು ಅಂತ ಗೊತ್ತಿಲ್ವಾ ನಿಮಗೆ? ಈ ಪ್ರಾಯದಲ್ಲಿ ಗಂಟುಮೂಟೆ ಕಟ್ಟಿಸ್ತೀರಾ? ಅವರಿಗೆ ಮುಖ ತೋರಿಸುವುದು ಹೇಗೆ ನಾನು?” ಎಂದಳು. ನಿಜ ಹೇಳಿದರೆ ಅವಳು ಅಳುತ್ತಿರಲಿಲ್ಲ. ಆದರೆ ಆ ನಿಜ ನನ್ನದಾಗಿರಲಿಲ್ಲವಲ್ಲ. “ಕೋಪ ಬಂತು, ಬೈದೆ. ಮುಗೀತು” ಎಂದೆ. ಅಂಗಡಿಯಲ್ಲಿ ಕೂತರೆ ಮೊಳೆಯ ತೂಕ ತಪ್ಪುತ್ತಿತ್ತು. ಒಂಟಿತನ ಅಂದರೆ ಏನೆಂದು ಆ ವಾರ ನನಗೆ ಗೊತ್ತಾಯಿತು.

ಮುಂದಿನ ಶುಕ್ರವಾರ ಬೆಳಿಗ್ಗೆ ಫೋನು ಬಂತು. “ಯಲ್ಲಾ, ಕಾರು ತೆಗಿ.”

ಕೋಟೆಯ ಹತ್ತಿರ ಕಾರು ನಿಲ್ಲಿಸಿದೆ. ಅವರು ಇಳಿಯಲಿಲ್ಲ. “ನಳಿಗೆಯಲ್ಲಿ ಎಂತ ಇತ್ತು?” ಎಂದು ಕೇಳಿದರು.

ನಾನು ಕಾರಿನ ಕೀ ತೆಗೆದೆ.

“ಇಷ್ಟು ವರ್ಷದಲ್ಲಿ ನೀನು ಒಬ್ಬನ ಅಪ್ಪನಿಗೆ ಬೈದದ್ದು ನಾನು ಕೇಳಿಲ್ಲ. ವಾರವಿಡೀ ಅದನ್ನೇ ಯೋಚನೆ ಮಾಡಿದೆ. ಹೇಳು.”

“ವೆಲ್ಡಿಂಗ್, ಅರ್ಬಾಬ್. ಪರೇಡಿನ ಕೋವಿ. ತೂತು ಮುಚ್ಚಿದ್ದಾರೆ.”

“ಎಷ್ಟು ದೊಡ್ಡದು?”

“ಕಡಲೆಕಾಳಿನಷ್ಟು. ನಳಿಗೆಯ ಅಗಲವೇ ಅಷ್ಟು.”

ಅವರು ತಮ್ಮ ಹೆಬ್ಬೆರಳಿನ ಉಗುರನ್ನು ಸವರಿದರು. “ಅಷ್ಟು ದೊಡ್ಡದೂ ಕಾಣಲಿಲ್ಲ ನನಗೆ” ಎಂದರು.

ಕಾರಿನಿಂದ ಇಳಿದು ಮೊತ್ತಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟರು. ನೇರ ಮತರನ ಕಂಬಳಿಯ ಎದುರು ಹೋಗಿ ನಿಂತೆವು. ಮುದುಕರೆಲ್ಲ ಈ ಕಡೆ ತಿರುಗಿದರು.

“ನನಗೆ ಕಣ್ಣು ಕಾಣುವುದಿಲ್ಲ. ಒಂದು ವರ್ಷ ಆಯಿತು” ಎಂದರು ಅರ್ಬಾಬ್. ಸ್ವರ ಸ್ವಲ್ಪವೂ ನಡುಗಲಿಲ್ಲ. “ಹೋದ ವಾರ ಕನ್ನಡಿಯ ಹಾಗೆ ಉಂಟು ಅಂತ ನಾನು ಹೇಳಿದ್ದು ಸುಳ್ಳು. ಮತರ್, ನಿನ್ನ ಕೋವಿಯಲ್ಲಿ ಬೆಸುಗೆ ಉಂಟು. ನಿನಗೂ ಗೊತ್ತಿರಲಿಕ್ಕಿಲ್ಲ. ಗೋಡೆಗೆ ತೂಗುಹಾಕುವವರಿಗೆ ಕೊಡು, ಹಾರಿಸುವವರಿಗೆ ಕೊಡಬೇಡ. ಇವನು ಬೈದದ್ದು ನನ್ನ ಮಾನ ಉಳಿಸಲಿಕ್ಕೆ. ಬೈಯುವವರು ನನಗೆ ಬೈಯಿರಿ.”

ಮತರ್ ಕೋವಿಯನ್ನು ಬಿಸಿಲಿಗೆ ಹಿಡಿದು ಇಣುಕಿದ. ಮುಖ ಬಿಳಿಚಿತು. “ವಲ್ಲಾಹಿ, ಗೊತ್ತಿರಲಿಲ್ಲ” ಎಂದು ಆಣೆ ಹಾಕುತ್ತ ತೊದಲಿದ.

ನನಗೆ ನಿಜವಾದ ಕೋಪ ಬಂದದ್ದು ಆಗ. ಅರ್ಬಾಬರ ಕೈ ಹಿಡಿದು ದರದರ ಎಳೆದುಕೊಂಡು ಕಾರಿನ ಕಡೆ ಹೊರಟೆ. “ಎಂತ ಅರ್ಬಾಬ್ ಇದು? ಅಷ್ಟೆಲ್ಲ ಬೈಸಿಕೊಂಡು ನಾನು ಮುಚ್ಚಿಟ್ಟದ್ದು ಯಾಕೆ? ಎಲ್ಲರ ಎದುರು ನೀವೇ ಹೇಳಿಬಿಟ್ರಲ್ಲ! ನನ್ನ ಹೆಸರು ಹೋದ್ರೆ ಹೋಗ್ಲಿ, ನಾನೆಂಥ ದೊಡ್ಡ ಮನುಷ್ಯ?” ಎನ್ನುತ್ತಾ ಅಳುತ್ತಿದ್ದೆ, ನಾಚಿಕೆ ಬಿಟ್ಟು.

“ಕಣ್ಣು ಹೋದದ್ದಕ್ಕೆ ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ನಿನ್ನ ಹೆಸರು ಹೋದ್ರೆ ಕೊಡಬೇಕು” ಎಂದರು. ನಾಲ್ಕು ಹೆಜ್ಜೆ ನಡೆದು ನಿಂತರು. ತಗ್ಗಿದ ಸ್ವರದಲ್ಲಿ ಕೇಳಿದರು, “ಮಹ್ರೂಫ್, ಅವರು ನಗ್ತಾ ಇದ್ದಾರಾ?”

ತಿರುಗಿ ನೋಡಿದೆ. ಕೋಲೂರಿ ಕೂತಿದ್ದ ಮುದುಕರು, ಮತರ್, ಕಹ್ವಾ ಕೊಡುವವನು, ಎಲ್ಲರೂ ಎದ್ದು ನಿಂತಿದ್ದರು.

“ಇಲ್ಲ ಅರ್ಬಾಬ್. ಎದ್ದು ನಿಂತಿದ್ದಾರೆ.”

“ನನ್ನ ಸಮಾಧಾನಕ್ಕೆ ಹೇಳ್ತಾ ಇದ್ದೀಯಾ?”

“ಇಲ್ಲ, ಕಣ್ಣಾರೆ ಕಂಡದ್ದು ಹೇಳ್ತಾ ಇದ್ದೇನೆ” ಎಂದೆ. ಅವರು ತಿರುಗಿ, ಕಾಣದ ಆ ಜನರ ಕಡೆಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು.